ಪದ ಪರಿಚಯ: ಗ್ರುನ್‌ಫೆಲ್ಡ್ ಡಿಫೆನ್ಸ್

ಚೆಸ್ ಕಲಿಯುವ ಮಕ್ಕಳಿಗೆ ಮೊದಲು ಹೇಳುವುದೇ ಬೋರ್ಡಿನ ನಡುವಿನ ಮನೆಗಳನ್ನು ಹಿಡಿಯಿರಿ ಅಂತ. ಗ್ರುನ್‌ಫೆಲ್ಡ್ ಡಿಫೆನ್ಸ್‌ ಎಂಬ ಓಪನಿಂಗಿನಲ್ಲಿ, ಅಂದರೆ ಆಟದ ಮೊದಲ ನಡೆಗಳ ಕ್ರಮದಲ್ಲಿ, ಕಪ್ಪು ಕಾಯಿಯವರು ಆ ನಡುವನ್ನೇ ಎದುರಾಳಿಗೆ ಬಿಟ್ಟುಕೊಡುತ್ತಾರೆ. ಬದಿಯಡ್ಕ, ಕುಂಬಳೆ ಕಡೆ ಶಾಲಾ ಟೂರ್ನಿ ಆಡುವ ಮಕ್ಕಳಿಗೆ ಇದು ವಿಚಿತ್ರ ಅನ್ನಿಸಬಹುದು.

(ಮನೆಯ ಹೆಸರಲ್ಲಿ ಅಕ್ಷರ ಉದ್ದಸಾಲು, ಅಂಕೆ ಅಡ್ಡಸಾಲು. ಕಾಯಿಯ ಹೆಸರು ಹೇಳದಿದ್ದರೆ ಕಾಲಾಳಿನ ನಡೆ.) ಬಿಳಿ ಡಿ4, ಕಪ್ಪು ಕುದುರೆ ಎಫ್6. ಬಿಳಿ ಸಿ4, ಕಪ್ಪು ಜಿ6. ಬಿಳಿ ಕುದುರೆ ಸಿ3ಕ್ಕೆ ಬಂದ ಕೂಡಲೇ ಕಪ್ಪು ಕಾಲಾಳು ಡಿ5ಕ್ಕೆ. ಇದೇ ಗ್ರುನ್‌ಫೆಲ್ಡ್. ಸಾಮಾನ್ಯವಾಗಿ ಮುಂದೆ ಡಿ5ರಲ್ಲಿ ಎರಡೂ ಕಡೆಯ ಒಂದೊಂದು ಕಾಲಾಳು ಹೊಡೆತಕ್ಕೆ ಹೋಗಿ, ಸಿ3ರಲ್ಲಿ ಒಂದೊಂದು ಕುದುರೆಯೂ ಹೋಗಿ, ಬಿಳಿಯ ಕಾಲಾಳುಗಳು ಸಿ3, ಡಿ4, ಇ4ರಲ್ಲಿ ಗೋಡೆಯ ಹಾಗೆ ನಿಲ್ಲುತ್ತವೆ. ಆದರೆ ಕಾಲಾಳು ಹಿಂದೆ ಬರುವುದಿಲ್ಲ, ಅಲ್ವಾ? ಮುಂದೆ ಹೋದದ್ದನ್ನು ಕಾಯಲೇಬೇಕು. ಜಿ7ರಲ್ಲಿರುವ, ಓರೆಯಾಗಿ ನಡೆಯುವ ಬಿಷಪ್, ಸಿ5ರ ಕಾಲಾಳು, ಸಿ6ರ ಕುದುರೆ ಎಲ್ಲವೂ ಡಿ4ರ ಮೇಲೆಯೇ ಬೀಳುತ್ತವೆ.

(ಬಿಷಪ್ ಎಂದೇ ಬರೆದಿದ್ದೇನೆ. ನಾವು ಆನೆ ಅನ್ನುವುದು ಮೂಲೆಯ ಕಾಯಿಗೆ, ಮಲಯಾಳದಲ್ಲಿ ಆನೆ ಅಂದರೆ ಬಿಷಪ್. ಕಾಸರಗೋಡಿನಲ್ಲಿ ಇದು ಗೊಂದಲ.)

ಹೆಸರು ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅವರದು. 1922ರಲ್ಲಿ ಅವರು ಇದನ್ನು ದೊಡ್ಡ ಟೂರ್ನಿಗಳಿಗೆ ತಂದರು. ಆದರೆ 1855ರಲ್ಲೇ ಬಂಗಾಳದ ಮೊಹೇಶ್ಚಂದ್ರ ಬ್ಯಾನರ್ಜಿ ಸ್ಕಾಟ್ಲೆಂಡಿನ ಆಟಗಾರ ಜಾನ್ ಕಾಕ್ರೇನ್ ಎದುರು ಇದೇ ಡಿ5 ಆಡಿದ್ದರು. ಆ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು.

ಈ ಓಪನಿಂಗಿನ ಶಕ್ತಿ ನೋಡಬೇಕಾದರೆ 1956ರ ನ್ಯೂಯಾರ್ಕ್ ಆಟ ನೋಡಿ. ರೋಸನ್‌ವಾಲ್ಡ್ ಟೂರ್ನಿಯಲ್ಲಿ ಬಿಳಿ ಕಾಯಿಯ ಡೊನಾಲ್ಡ್ ಬರ್ನ್ ಎದುರು ಕಪ್ಪು ಕಾಯಿಯಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ, 13 ವರ್ಷದ ಬಾಬಿ ಫಿಶರ್. ನಡೆಗಳ ಕ್ರಮ ಬೇರೆ, ಆದರೆ 5ನೇ ನಡೆಯ ಡಿ5ರಿಂದ ಗ್ರುನ್‌ಫೆಲ್ಡೇ ಆಯಿತು. ಬರ್ನ್ ಡಿ4, ಇ4 ಎರಡನ್ನೂ ಹಿಡಿದರು. ರಾಜ ಮಾತ್ರ ಇನ್ನೂ ನಡುವಿನಲ್ಲೇ. 17ನೇ ನಡೆಯಲ್ಲಿ ಫಿಶರ್ ಮಂತ್ರಿಯನ್ನೇ ಬಿಟ್ಟುಕೊಟ್ಟು, 41ನೇ ನಡೆಯಲ್ಲಿ ಚೆಕ್‌ಮೇಟ್ ಮಾಡಿದರು.

ಎಲ್ಲರೂ ಆ ಮಂತ್ರಿಯ ತ್ಯಾಗವನ್ನೇ ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ 11ನೇ ನಡೆ, ಕುದುರೆ ಎ4. ಬಿಳಿ ಕುದುರೆ ಅದನ್ನು ಹೊಡೆದರೆ ಇ4ಕ್ಕೆ ಕಾವಲಿಲ್ಲ. ಫಿಶರನ ಇನ್ನೊಂದು ಕುದುರೆ ಆ ಕಾಲಾಳನ್ನು ಹೊಡೆದು, ಮಂತ್ರಿ, ಬಿಷಪ್ ಎರಡಕ್ಕೂ ಒಟ್ಟಿಗೆ ಗುರಿ ಇಡುತ್ತದೆ. ಬರ್ನ್ ಹೊಡೆಯಲಿಲ್ಲ. ಆದರೂ ಎರಡೇ ನಡೆಗಳಲ್ಲಿ ಇ4 ಬಿತ್ತು.