ನಾಯಿ ಹಲ್ಲು ತೋರಿಸಿದರೆ ಅದು ನಗುವಲ್ಲ

ಹಲ್ಲು ಕಿರಿದು ಗುರುಗುಟ್ಟುವ ನಾಯಿಯ ಫೋಟೋ ತೋರಿಸಿ, ಇದಕ್ಕೆ ಏನಾಗಿದೆ ಅಂತ ಕೇಳಿದರೆ ನಾಲ್ಕೈದು ವರ್ಷದ ಎಷ್ಟೋ ಮಕ್ಕಳು ‘ನಗ್ತಾ ಇದೆ’ ಅನ್ನುತ್ತಾರೆ. ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಮನುಷ್ಯರ ಮುಖದಲ್ಲಿ ಹಲ್ಲು ಕಂಡರೆ ನಗು ತಾನೇ? ನಾಯಿಯ ಮುಖವನ್ನೂ ಮಕ್ಕಳು ಹಾಗೇ ಓದುತ್ತಾರೆ.

ಪ್ರಾಣಿದಯೆಯ ಪಾಠ ಶುರುವಾಗಬೇಕಾದ್ದು ಇಲ್ಲಿಂದ. ‘ಪ್ರಾಣಿಗಳನ್ನು ಪ್ರೀತಿಸಿ’ ಅಂತ ಶಾಲೆಯ ಗೋಡೆ ಮೇಲೆ ಬರೆದರೆ ಸಾಲದು, ಪ್ರೀತಿ ಮಕ್ಕಳಲ್ಲಿ ಬೇಕಾದಷ್ಟಿದೆ. ಆ ಪ್ರೀತಿಯಲ್ಲೇ ಅವರು ಮಲಗಿದ ನಾಯಿಯ ಕುತ್ತಿಗೆಗೆ ಜೋತು ಬೀಳುತ್ತಾರೆ, ಅದು ತಿನ್ನುವಾಗ ತಟ್ಟೆಗೆ ಕೈ ಹಾಕುತ್ತಾರೆ. ತಬ್ಬಿಕೊಂಡರೆ ನಮಗೆ ಹಿತ. ಬಹಳಷ್ಟು ನಾಯಿಗಳಿಗೆ ಮಾತ್ರ ತಪ್ಪಿಸಿಕೊಳ್ಳಲು ಬಿಡದೆ ಹಿಡಿದಿಟ್ಟಂತೆ ಅನಿಸುತ್ತದೆ. ಹಲವು ದೇಶಗಳ ಅಧ್ಯಯನಗಳಲ್ಲಿ ಚಿಕ್ಕ ಮಕ್ಕಳನ್ನು ಕಚ್ಚಿದ್ದು ಹೆಚ್ಚಾಗಿ ಮನೆಯ ನಾಯಿ, ಇಲ್ಲವೇ ಪರಿಚಯದ ನಾಯಿ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುವುದರಿಂದ ಗಾಯವೂ ತಲೆಗೆ, ಮುಖಕ್ಕೆ ಜಾಸ್ತಿ.

ನಾಯಿ ಸುಮ್ನೆ ಕಚ್ಚುವುದು ಅಪರೂಪ. ಮೊದಲು ಮುಖ ಆಚೆ ತಿರುಗಿಸುತ್ತದೆ, ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ, ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಹಿಡಿದು ಅಲ್ಲಾಡದೆ ನಿಲ್ಲುತ್ತದೆ. ಇಷ್ಟನ್ನೂ ಯಾರೂ ಗಮನಿಸದೆ ಹೋದರೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯಲೇಬಾರದು. ಹೊಡೆದರೆ ಅದರ ಭಯ ಹೋಗುವುದಿಲ್ಲ, ಮುಂದಿನ ಸಲ ಎಚ್ಚರಿಕೆ ಕೊಡದೇ ಕಚ್ಚಬಹುದು.

ಬಾಲ ಅಲ್ಲಾಡಿಸಿದರೆ ಖುಷಿ ಅನ್ನುವುದೂ ಅರ್ಧ ಸತ್ಯ. ಇಟಲಿಯ ವಿಜ್ಞಾನಿಗಳು 2007ರಲ್ಲಿ ತೋರಿಸಿದ ಹಾಗೆ, ಒಡೆಯರನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲುತ್ತದೆ, ದರ್ಪದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಇನ್ನು ತಪ್ಪು ಮಾಡಿದವರಂತೆ ತಲೆ ತಗ್ಗಿಸುವ ಆ ಮುಖ? ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏನೂ ತಪ್ಪು ಮಾಡದ ನಾಯಿಗಳೂ ಬೈಗುಳ ಬಿದ್ದಾಗ ಅದೇ ಮುಖ ಮಾಡಿದವು. ನಾವು ಪಶ್ಚಾತ್ತಾಪ ಅಂದುಕೊಳ್ಳುವುದು ನಮ್ಮ ಸಿಟ್ಟಿಗೆ ಅದು ಕೊಡುವ ಉತ್ತರ. ಇದನ್ನು ತಿಳಿದ ಮಗು ನಾಯಿಯನ್ನು ಬೈಯುವ ಮೊದಲು ಸ್ವಲ್ಪ ಯೋಚಿಸುತ್ತದೆ ಅಂತ ನಾನು ನಂಬುತ್ತೇನೆ.

ಮಕ್ಕಳಿಗೆ ಕಲಿಸಲು ಸುಲಭವಾದ ಒಂದು ಅಭ್ಯಾಸ ಇದೆ. ಒಡೆಯರನ್ನು ಕೇಳಿ, ನಾಯಿ ತಾನಾಗಿ ಹತ್ತಿರ ಬಂದರೆ ಎದೆಯ ಪಕ್ಕದಲ್ಲಿ ಮೂರು ಸೆಕೆಂಡ್ ಸವರಿ, ಕೈ ಹಿಂದಕ್ಕೆ ತೆಗೆದುಕೊಳ್ಳುವುದು. ಅದು ಇನ್ನೂ ಒತ್ತಿಕೊಂಡರೆ ಮತ್ತೆ ಸವರಬಹುದು. ದೂರ ಸರಿದರೆ ಅಲ್ಲಿಗೆ ಬಿಡಬೇಕು. ಬೆಕ್ಕಾದರೆ ದಿಟ್ಟಿಸಿ ನೋಡದೆ ನಿಧಾನವಾಗಿ ಕಣ್ಣು ಮಿಟುಕಿಸಲಿ, ಬೆಕ್ಕುಗಳು ಹಾಗೇ ಮಿಟುಕಿಸಿ ಉತ್ತರ ಕೊಡುವುದನ್ನು 2020ರ ಅಧ್ಯಯನವೊಂದು ದಾಖಲಿಸಿದೆ.

ಸದ್ದು ಮಾಡದ ಪ್ರಾಣಿಗಳ ಪಾಡು ಇನ್ನೂ ಕಷ್ಟ. ಮೊಲ ನೋವನ್ನು ಮುಚ್ಚಿಡುತ್ತದೆ, ಬೇಟೆಗೆ ಸಿಗುವ ಪ್ರಾಣಿ ತನ್ನ ದೌರ್ಬಲ್ಯ ತೋರಿಸುವಂತಿಲ್ಲ. ಗಾಜಿನ ಪುಟ್ಟ ಬಟ್ಟಲಿನ ಗೋಲ್ಡ್ ಫಿಶ್ ತನ್ನ ಕಿವಿರುಗಳಿಂದಲೇ ಅಮೋನಿಯಾ ಬಿಡುತ್ತದೆ. ಅದನ್ನು ಒಡೆಯುವ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಜಾಗವೇ ಸಾಲದು, ಹಾಗಾಗಿ ನೀರು ತಿಳಿಯಾಗಿ ಕಂಡರೂ ವಿಷವಾಗಿರುತ್ತದೆ. ಚೆನ್ನಾಗಿ ಸಾಕಿದರೆ ಆ ಮೀನು ಹತ್ತು ವರ್ಷ ದಾಟಿಯೂ ಬದುಕಬಲ್ಲದು. ಅಷ್ಟು ದಿನದ ಹೊಣೆ ಹೊರುವುದು ಮಗುವಿನ ಕೈಲಾಗದ ಮಾತು, ಅದು ದೊಡ್ಡವರದ್ದೇ. ನೀರಿಡುವುದು, ಮೈ ಬಾಚುವುದು ಮಕ್ಕಳು ಮಾಡಲಿ. ಲಸಿಕೆ, ಚಿಕಿತ್ಸೆ, ಖರ್ಚು ನಮ್ಮ ಪಾಲಿಗೆ.

ಲಸಿಕೆಯ ಮಾತಿನಲ್ಲಿ ಉದಾಸೀನ ಬೇಡವೇ ಬೇಡ. ರೇಬಿಸ್‌ನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅವರಲ್ಲಿ ಹತ್ತಕ್ಕೆ ನಾಲ್ವರು 15ರೊಳಗಿನ ಮಕ್ಕಳು. ಕಚ್ಚಿದ, ಪರಚಿದ ಗಾಯವನ್ನು ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡ ಮಾಡದೆ ಲಸಿಕೆಗೆ ಕರೆದುಕೊಂಡು ಹೋದರೆ ಜೀವ ಉಳಿಯುತ್ತದೆ. ಇದಕ್ಕೆಲ್ಲ ಮೊದಲು ಮಗು ಬಂದು ಹೇಳಬೇಕು. ನಾಯಿಯನ್ನು ಮುಟ್ಟಿದ್ದಕ್ಕೆ ಬೈತಾರೆ ಅಂತ ಹೆದರಿ ಎಷ್ಟೋ ಮಕ್ಕಳು ಗಾಯ ಮುಚ್ಚಿಟ್ಟುಕೊಳ್ಳುತ್ತಾರೆ. ಹೇಳಿದರೆ ಬೈಯುವುದಿಲ್ಲ ಅಂತ ಅವರಿಗೆ ಇವತ್ತೇ ಮಾತು ಕೊಟ್ಟುಬಿಡಿ.