ಎಚ್ ಟೈರ್ ಜಾಗಕ್ಕೆ ಟಿ ಟೈರ್ ಹಾಕಿಸಬಹುದಾ?

ಪ್ರಶ್ನೆ: ನಮ್ಮದು ಹೈಬ್ರಿಡ್ ಎಸ್‌ಯುವಿ. ಹಳೇ ಟೈರ್ ಮೇಲೆ 215/60 ಆರ್17 96ಎಚ್ ಅಂತಿದೆ. ಅಂಗಡಿಯವರು ಅದೇ ಸೈಜಿನ ಟಿ ಟೈರ್ ಕಡಿಮೆ ರೇಟಿಗೆ ಕೊಡ್ತಾರಂತೆ. ನಾವು ನೂರು ದಾಟೋದೇ ಇಲ್ಲ. ಹಾಕಿಸಬಹುದಾ?

ಬೇಡ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಇಲ್ಲದಿದ್ದರೆ ಮ್ಯಾನುಯಲ್ ಇದೆ. ಅಲ್ಲಿ ಹೇಳಿದ ಅಕ್ಷರ ಅಥವಾ ಅದಕ್ಕಿಂತ ಮೇಲಿನದು. ಕೆಳಗಿನದು ಬೇಡ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಯಾರೂ ಸುಮ್ಮನಾಗುವುದಿಲ್ಲ, ‘ನೂರು ದಾಟಲ್ಲ ಸಾರ್’ ಅನ್ನುವ ಮಾತು ಮತ್ತೆ ಬಂದೇ ಬರುತ್ತದೆ.

ಮೊದಲು ಅಕ್ಷರಗಳನ್ನು ನೋಡಿ. ಟೈರ್ ಗರಿಷ್ಠ ಎಷ್ಟು ವೇಗ ತಾಳಬಲ್ಲದು ಅನ್ನುವುದರ ಗುರುತು ಅವು. ಎಸ್ ಅಂದರೆ ಗಂಟೆಗೆ 180 ಕಿಮೀ, ಟಿ 190, ಎಚ್ 210, ವಿ 240. ಎಬಿಸಿಡಿ ಸಾಲಿನಲ್ಲಿ ಎಚ್ ಮೊದಲು ಬರುತ್ತದೆ, ಆದರೆ ಇಲ್ಲಿ ಅದು ಟಿಗಿಂತ ಮೇಲೆ. ‘ಟಿ ಮುಂದಿನ ಅಕ್ಷರ, ಜಾಸ್ತಿ ಸ್ಪೀಡ್’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನೂರರ ವಿಷಯ. ಬೆಂಗಳೂರು–ಮೈಸೂರು ಹೈವೇಯಲ್ಲೂ ಮಿತಿ 100 ಇರುವಾಗ 190 ಆದರೇನು, 210 ಆದರೇನು ಅಂತ ಕೇಳುತ್ತೀರಿ. ಆ ಅಕ್ಷರ ನೀವು ಎಷ್ಟು ಜೋರಾಗಿ ಓಡಿಸುತ್ತೀರಿ ಅನ್ನುವುದರ ಲೆಕ್ಕ ಅಲ್ಲವೇ ಅಲ್ಲ. ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದರ ಲೆಕ್ಕ. ನೆಲಕ್ಕೆ ತಾಗುವ ಜಾಗದಲ್ಲಿ ಟೈರ್ ಚಪ್ಪಟೆಯಾಗುತ್ತದೆ, ಮೇಲೆ ಬಂದಾಗ ಮತ್ತೆ ಉಬ್ಬುತ್ತದೆ. ನಿಮ್ಮ ಸೈಜಿನ ಟೈರ್ ನೂರರ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ಹೊಡೆಯುತ್ತದೆ, ಅಂದರೆ ಅಷ್ಟು ಸಲ ಒಂದೊಂದು ಜಾಗವೂ ಮಡಚಿ ಬಿಚ್ಚುತ್ತದೆ. ಬಿಸಿ ಹುಟ್ಟುವುದು ಅಲ್ಲೇ. ಭಾರ ಜಾಸ್ತಿಯಾದರೆ ಬಿಸಿ ಜಾಸ್ತಿ. ಗಾಳಿ ಕಡಿಮೆಯಾದರೆ ಇನ್ನೂ ಜಾಸ್ತಿ.

ಅಕ್ಷರ ಕೊಡುವ ಮುಂಚೆ ಲ್ಯಾಬಿನಲ್ಲಿ ತಿರುಗುವ ಉಕ್ಕಿನ ಡ್ರಮ್ಮಿಗೆ ಟೈರನ್ನು ಒತ್ತಿ, ಭಾರ ಹೇರಿ, ಹಂತ ಹಂತವಾಗಿ ವೇಗ ಏರಿಸುತ್ತಾ ಸುಮಾರು ಒಂದು ಗಂಟೆ ಓಡಿಸುತ್ತಾರೆ. ಅಲ್ಲಿರುವುದು ಹೊಸ ಟೈರ್, ಸರಿಯಾದ ಗಾಳಿ, ನೆರಳಿನ ಕೋಣೆ. ನಿಮ್ಮದು? ನಾಲ್ಕು ವರ್ಷದ ಟೈರ್, ಎರಡು ಪಂಕ್ಚರ್, ಗಾಳಿ ಕೊನೇ ಸಲ ಯಾವಾಗ ನೋಡಿಸಿದ್ದು ಅಂತ ನೆನಪಿಲ್ಲ, ಒಳಗೆ ಮನೆಮಂದಿಯೆಲ್ಲ, ಮೇಲೆ ಕ್ಯಾರಿಯರ್, ಹೊರಗೆ ರಾಯಚೂರಿನ ಮೇ ತಿಂಗಳ ರಸ್ತೆ. ಲ್ಯಾಬಿನ 190 ಇಲ್ಲಿ ಉಳಿದಿರುತ್ತದಾ? ನೀವು ಎಚ್‌ಗೆ ದುಡ್ಡು ಕೊಡುವುದು ಆ 20 ಕಿಮೀ ಓಡಿಸಲಿಕ್ಕಲ್ಲ, ಇಷ್ಟೆಲ್ಲ ಎಡವಟ್ಟಾದ ಮೇಲೂ ಸ್ವಲ್ಪ ಮಿಕ್ಕಿರಲಿ ಅಂತ. ಜೊತೆಗೆ ಕಾರಿನ ಬ್ರೇಕ್, ತಿರುವಿನಲ್ಲಿ ಅದು ಕೂರುವ ರೀತಿ, ಎಲ್ಲವನ್ನೂ ಕಂಪನಿಯವರು ಆ ಅಕ್ಷರದ ಟೈರ್ ಇಟ್ಟುಕೊಂಡೇ ಹೊಂದಿಸಿರುತ್ತಾರೆ.

‘ಪಕ್ಕದ ಮನೆಯವರು ಟಿ ಹಾಕಿಸಿದ್ದಾರೆ, ಏನೂ ಆಗಿಲ್ಲ’ ಅನ್ನುವವರಿಗೆ: ಆಗಿಲ್ಲ, ಸರಿ. ಟಿ ಟೈರ್ ನಾಳೆಯೇ ಸಿಡಿಯುತ್ತದೆ ಅಂತ ನಾನೂ ಹೇಳಿಲ್ಲ. ಹೆಲ್ಮೆಟ್ ಇಲ್ಲದೆ ಮನೆ ಮುಟ್ಟಿದವರೂ ಇದನ್ನೇ ಹೇಳುತ್ತಾರೆ.

ವಿ ಹಾಕಿಸಬಹುದಾ? ಧಾರಾಳವಾಗಿ. ಕೆಲವು ಸ್ವಲ್ಪ ಗಟ್ಟಿ ಅನಿಸಬಹುದು, ಅಷ್ಟೇ. ಹೈಬ್ರಿಡ್‌ಗೆ ವಿ ಬೇಕೇ ಬೇಕು ಅನ್ನುವುದು ಮಾತ್ರ ಸುಳ್ಳು. ಎಲೆಕ್ಟ್ರಿಕ್ ಕಾರಿನ ನೂರಾರು ಕೆಜಿ ಬ್ಯಾಟರಿಯನ್ನು ನೆನೆಸಿಕೊಂಡು ಹೀಗೆ ಹೇಳುತ್ತಾರೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳ ಬ್ಯಾಟರಿ ಒಂದು ಯೂನಿಟ್ ಕರೆಂಟ್ ಕೂಡ ಹಿಡಿಯುವುದಿಲ್ಲ, ಅಷ್ಟು ಚಿಕ್ಕದು.

ಅಕ್ಷರಕ್ಕಿಂತ ಮುಂಚೆ ನೋಡಬೇಕಾದದ್ದು ಪಕ್ಕದ ನಂಬರ್. 96 ಅಂದರೆ ಒಂದು ಟೈರ್ 710 ಕೆಜಿ ಹೊರಬಲ್ಲದು. 91 ಆದರೆ 615. ಏಳು ಜನ ಕೂರುವ ಹೈಕ್ರಾಸ್‌ನಂಥ ಗಾಡಿಯಲ್ಲಿ ಜನರ ತೂಕವೇ ಸುಮಾರು 450 ಕೆಜಿ ಆಗುತ್ತದೆ, ಲಗೇಜ್ ಬೇರೆ. ಆ ನಂಬರನ್ನೂ ಇಳಿಸಬಾರದು.

ಇನ್ನು ಹೈಬ್ರಿಡ್ ತಗೊಂಡಿದ್ದೇ ಮೈಲೇಜಿಗೆ, ಅಲ್ವಾ? ಟೈರ್ ಬದಲಾಯಿಸಿದ ಮೇಲೆ ಮೈಲೇಜ್ ಇಳಿದರೆ ಎಲ್ಲರೂ ಬೈಯುವುದು ಬ್ಯಾಟರಿಯನ್ನು. ಹೊಸ ಟೈರಿನ ದಪ್ಪ ರಬ್ಬರ್ ಉರುಳಲು ಶಕ್ತಿ ಜಾಸ್ತಿ ಬೇಕು, ಸವೆದಂತೆ ಸ್ವಲ್ಪ ಸುಧಾರಿಸುತ್ತದೆ. ಆದರೆ ಲುಕ್ ಚೆನ್ನಾಗಿದೆ ಅಂತ ಮಣ್ಣು-ಕಲ್ಲಿನ ದಾರಿಗೂ ಆಗುವ ದಪ್ಪ ಕಟ್ಟಿನ ಆಲ್-ಟೆರೇನ್ ಟೈರ್ ಹಾಕಿಸಿಕೊಂಡು, ‘ಕಂಪನಿ 27.97 ಕೊಡುತ್ತೆ ಅಂದಿತ್ತು’ ಅಂತ ಸರ್ವಿಸ್ ಸೆಂಟರಿನಲ್ಲಿ ಜಗಳಕ್ಕೆ ನಿಂತರೆ ಅವರಾದರೂ ಏನು ಮಾಡಿಯಾರು?

ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎರಡೇ ಟೈರ್ ಬದಲಾಯಿಸುವುದಾದರೆ ಹೊಸವು ಹಿಂದಕ್ಕೆ ಹೋಗಬೇಕು. ‘ಎಂಜಿನ್ ಎಳೆಯೋದು ಮುಂದಿನ ಚಕ್ರ, ಹೊಸದು ಅಲ್ಲಿಗೇ’ ಅನ್ನುವವರೇ ಜಾಸ್ತಿ. ಜುಲೈ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಹಗುರಾಗಿ ಗೊತ್ತಾಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ. ಆಗ ನಮ್ಮಂಥವರ ಕೈಯಲ್ಲಿ ಏನೂ ಆಗುವುದಿಲ್ಲ. ಮುಂದಕ್ಕೆ ಉಳಿಯುವ ಹಳೆಯವುಗಳ ಕಟ್ಟಿನ ಗೀರುಗಳ ಆಳ ಸವೆದು 1.6 ಮಿಲಿಮೀಟರ್ ಹತ್ತಿರ ಬಂದಿದ್ದರೆ ಎರಡರ ಮಾತು ಬಿಡಿ, ನಾಲ್ಕನ್ನೂ ಬದಲಾಯಿಸಿ.