‘ಸೆಟ್’ ಎಂಬ ಪುಟ್ಟ ಪದಕ್ಕೆ ಇಷ್ಟೊಂದು ಅರ್ಥ ಬಂದದ್ದು ಹೇಗೆ?

ಸೂರ್ಯ ಮುಳುಗುವುದಕ್ಕೂ ಇಂಗ್ಲಿಷಿನಲ್ಲಿ ಸೆಟ್. ಕಾಂಕ್ರೀಟ್ ಗಟ್ಟಿಯಾಗುವುದಕ್ಕೂ ಸೆಟ್. ಅಲಾರಂ ಇಡುವುದು, ಬಲೆ ಒಡ್ಡುವುದು, ಮುರಿದ ಮೂಳೆ ಕೂರಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಕವಿತೆಗೆ ರಾಗ ಹಾಕುವುದು, ಬೆಂಕಿ ಹಚ್ಚುವುದು, ಎಲ್ಲಕ್ಕೂ ಅದೇ ಮೂರು ಅಕ್ಷರ. ಟೆನಿಸ್ ಆಟದ ಒಂದು ಭಾಗ ಸೆಟ್. ಸಿನಿಮಾಕ್ಕೆ ಹಾಕುವ ಮನೆ, ಬೀದಿ ಸೆಟ್. ಹಳೇ ರೇಡಿಯೋ ಪೆಟ್ಟಿಗೆ ಸೆಟ್. ಗಣಿತದ ಪಾಠದಲ್ಲಿ ಬರುವ ಗಣವೂ ಸೆಟ್.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ ಬಂತು. ಒಟ್ಟು 20 ಸಂಪುಟ. ಅದರಲ್ಲಿ ‘ಸೆಟ್’ ಕ್ರಿಯಾಪದಕ್ಕೆ ಕೊಟ್ಟ ಅರ್ಥಗಳು ಸುಮಾರು 430. ವಿವರಣೆಗೆ ಹಿಡಿದ ಪದಗಳು ಸುಮಾರು 60,000, ಅಂದರೆ ಒಂದು ಪದಕ್ಕೇ ಒಂದು ಚಿಕ್ಕ ಕಾದಂಬರಿಯಷ್ಟು ಜಾಗ. ಅತಿ ಹೆಚ್ಚು ಅರ್ಥಗಳಿರುವ ಇಂಗ್ಲಿಷ್ ಪದ ಎಂದು ಗಿನ್ನೆಸ್ ದಾಖಲೆಯಲ್ಲೂ ಇದರ ಹೆಸರು ಬಂದಿದೆ.

ಇಂಥ ಪದಗಳನ್ನು ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಪಟ್ಟಿ ಉರು ಹೊಡೆದು. ನಾನೂ ಹಾಗೇ ಕಲಿತವನು. ಪಟ್ಟಿಯಲ್ಲಿ ಒಂದು ಅರ್ಥಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಒಂದೂ ನೆನಪಿರುವುದಿಲ್ಲ. ಆದರೆ ಪದದ ಹುಟ್ಟು ಗೊತ್ತಾದರೆ ಚಿತ್ರವೇ ಬದಲಾಗುತ್ತದೆ. ಮುಖ್ಯವಾಗಿ ಕನ್ನಡದವರಿಗೆ, ಯಾಕೆಂದರೆ ಇದರ ಬೀಗದ ಕೈ ನಮ್ಮ ಮಾತಿನಲ್ಲೇ ಇದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು. ‘ಸೆಟ್ಟನ್’ ಎಂದರೆ ಕೂರಿಸು. ಅಷ್ಟೇ. ಇಂದಿನ ‘ಸಿಟ್’ ಮತ್ತು ‘ಸೆಟ್’ ಆ ಜೋಡಿಯ ಮಕ್ಕಳು. ಕನ್ನಡದಲ್ಲಿ ನಾವು ‘ಇಸು’ ಸೇರಿಸುತ್ತೇವೆ: ಕೂರು, ಕೂರಿಸು, ಬೀಳು, ಬೀಳಿಸು, ಕುಡಿ, ಕುಡಿಸು. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಇಂಥದೇ ಒಂದು ಬಾಲ ಇತ್ತು. ಅದರಲ್ಲಿದ್ದ ‘ಯ’ದಂಥ ಧ್ವನಿ ತನ್ನ ಹಿಂದಿನ ಸ್ವರವನ್ನು ಬದಲಾಯಿಸಿತು. ಆಮೇಲೆ ತಾನೇ ಸವೆದುಹೋಯಿತು. ಬಾಲ ಹೋಯಿತು, ಬದಲಾದ ಸ್ವರ ಮಾತ್ರ ಉಳಿಯಿತು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರ ಬೀಳಿಸು. ‘ಡ್ರಿಂಕ್’ ಎಂದರೆ ಕುಡಿ, ‘ಡ್ರೆಂಚ್’ ಎಂದರೆ ಮೊದಲಲ್ಲಿ ಕುಡಿಸು, ಆಮೇಲೆ ತೊಯ್ಯಿಸು. ಇವೆಲ್ಲ ಒಂದೇ ಅಚ್ಚಿನ ಜೋಡಿಗಳು. ನಮ್ಮ ‘ಇಸು’ ಇನ್ನೂ ಗಟ್ಟಿಮುಟ್ಟಾಗಿದೆ, ಅವರದ್ದು ಗುರುತು ಉಳಿಸಿ ಹೊರಟುಹೋಗಿದೆ.

ಈಗ ‘ಕೂರಿಸು’ ಎಂಬ ಪದವನ್ನು ಕೈಯಲ್ಲಿ ಹಿಡಿದುಕೊಂಡು ‘ಸೆಟ್’ನ ಅರ್ಥಗಳ ಮೇಲೆ ಒಮ್ಮೆ ನಡೆದು ನೋಡಿ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಮೂಳೆ ಕೂರಿಸುತ್ತೇವೆ. ಬಾಗಿಲ ಚೌಕಟ್ಟು ಕೂರಿಸುತ್ತೇವೆ. ಸಡಿಲ ಮಣ್ಣು ಮಳೆಗೆ ಕೂರುತ್ತದೆ. ಒಂದು ಮಾತು ಮನಸ್ಸಿನಲ್ಲಿ ಕೂತುಬಿಡುತ್ತದೆ. ಈ ಪ್ರತಿಯೊಂದು ಕಡೆಯೂ ಇಂಗ್ಲಿಷಿನವರು ‘ಸೆಟ್’ ಇಲ್ಲವೇ ಅದರ ನೆಂಟ ಪದವನ್ನು ಬಳಸಬಲ್ಲರು. ಗಡಿಯಾರ ಸೆಟ್ ಮಾಡುವುದು ಎಂದರೆ ಮುಳ್ಳನ್ನು ಇರಬೇಕಾದ ಜಾಗದಲ್ಲಿ ಕೂರಿಸುವುದು. ಬೆಲೆ, ದಿನಾಂಕ, ಗುರಿ ಸೆಟ್ ಮಾಡುವುದೂ ಇದೇ: ಅಲುಗಾಡುತ್ತಿದ್ದ ಒಂದನ್ನು ಒಂದೆಡೆ ನಿಲ್ಲಿಸುವುದು. ಕಾಂಕ್ರೀಟ್ ಸೆಟ್ ಆಗುವುದೆಂದರೆ ಹರಿಯುತ್ತಿದ್ದದ್ದು ಅಲುಗದೆ ಕೂರುವುದು. ಸೆಟ್ಟರ್ ಎಂಬ ಬೇಟೆನಾಯಿಯ ಹೆಸರೂ ಇಲ್ಲಿಂದಲೇ ಬಂತು. ಹಕ್ಕಿಯ ವಾಸನೆ ಸಿಕ್ಕ ಕೂಡಲೇ ಅದು ಮೈ ತಗ್ಗಿಸಿ ಅಲುಗದೆ ಕೂತುಬಿಡುತ್ತಿತ್ತು.

ಸೂರ್ಯನ ವಿಷಯ ಎಲ್ಲಕ್ಕಿಂತ ಚೆಂದ. ಹಳೆಯ ಇಂಗ್ಲಿಷಿನಲ್ಲಿ ಆಸನಕ್ಕೆ ‘ಸೆಟ್ಲ್’ ಎನ್ನುತ್ತಿದ್ದರು. ಸಂಜೆಯಾದರೆ ಸೂರ್ಯ ತನ್ನ ಆಸನಕ್ಕೆ ಹೋಗುತ್ತಾನೆ ಎಂಬುದು ಅವರ ಮಾತು. ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’, ಅಂದರೆ ಆಸನಕ್ಕೆ ಹೋಗುವುದು, ಎಂಬ ಪದವೇ ಇತ್ತು. ದಿನವೆಲ್ಲ ನಡೆದವನು ಸಂಜೆ ಕೂರುವ ಹಾಗೆ. ಇಂದಿನ ‘ಸನ್‌ಸೆಟ್’ ಹಿಂದೆ ಇಷ್ಟು ಸುಂದರ ಚಿತ್ರ ಇದೆ ಎಂದು ಪಟ್ಟಿ ಹೇಳುವುದಿಲ್ಲ, ಅಲ್ವಾ?

ಆದರೆ ಕೂರಿಸುವುದಕ್ಕೂ ‘ಒಂದು ಸೆಟ್ ಪಾತ್ರೆ’ಗೂ ಏನು ಸಂಬಂಧ? ಮೂಲದಲ್ಲಿ ಸಂಬಂಧವೇ ಇಲ್ಲ. ಗುಂಪು ಎಂಬ ಅರ್ಥದ ‘ಸೆಟ್’ ಬೇರೆ ದಾರಿಯಿಂದ ಬಂದದ್ದು. ಹಿಂಬಾಲಿಸುವವರ ಕೂಟಕ್ಕೆ ಲ್ಯಾಟಿನ್ನಿನಲ್ಲಿ ‘ಸೆಕ್ಟಾ’ ಎಂಬ ಪದ. ಅದು ಹಳೆಯ ಫ್ರೆಂಚಿನಲ್ಲಿ ‘ಸೆಟ್ಟೆ’ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಪಂಥ ಎನ್ನುವ ‘ಸೆಕ್ಟ್’ ಕೂಡ ಅದೇ ‘ಸೆಕ್ಟಾ’ದ ಕುಡಿ. ಮೊದಲು ಒಂದೇ ಮತದ, ಒಂದೇ ಮನಸ್ಸಿನ ಜನರಿಗೆ ಸೆಟ್ ಎನ್ನುತ್ತಿದ್ದರು. ಆಮೇಲೆ ಒಟ್ಟಿಗೆ ಇರಬೇಕಾದ ವಸ್ತುಗಳಿಗೂ ಅದು ಹಬ್ಬಿತು. ಅಷ್ಟರಲ್ಲಿ ಕೂರಿಸುವ ‘ಸೆಟ್’ ಪಕ್ಕದಲ್ಲೇ ಇತ್ತು. ಸಾಲಾಗಿ ಜೋಡಿಸಿಟ್ಟ ವಸ್ತುಗಳು ಎಂದರೆ ಎರಡೂ ಅರ್ಥ ಹೊಂದುತ್ತವೆ. ಕೇಳುವವರ ಕಿವಿಗೆ ಎರಡೂ ಒಂದೇ ಆದವು. ಎರಡು ಹೊಳೆ ಸೇರಿ ಒಂದಾದ ಮೇಲೆ ಯಾವ ನೀರು ಯಾವುದರದ್ದು ಎಂದು ಬಿಡಿಸುವುದು ಕಷ್ಟ. ರೇಡಿಯೋ ಸೆಟ್, ಟಿವಿ ಸೆಟ್ ಎನ್ನುವಾಗ ಇರುವುದು ಗುಂಪಿನ ಅರ್ಥ, ಒಟ್ಟುಗೂಡಿಸಿದ ಬಿಡಿಭಾಗಗಳು. ಸಿನಿಮಾ ಸೆಟ್ಟಿನಲ್ಲಿ ಇರುವುದು ಕೂರಿಸುವ ಅರ್ಥ.

ಇಷ್ಟೆಲ್ಲ ಅರ್ಥಗಳನ್ನು ಹಿಡಿದು ಸಾಲಾಗಿ ನಿಲ್ಲಿಸಿದವರ ಕೆಲಸ ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ. ಆ ನಿಘಂಟಿನ ಆಲೋಚನೆ ಹುಟ್ಟಿದ್ದು 1857ರಲ್ಲಿ, ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ. ಕೆಲಸಕ್ಕೆ ನಿಜವಾದ ಓಟ ಸಿಕ್ಕಿದ್ದು 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದ ಮೇಲೆ. ಅವರು ಮಿಲ್ ಹಿಲ್ ಎಂಬಲ್ಲಿ ಒಂದು ಕಬ್ಬಿಣದ ಶೆಡ್ ಕಟ್ಟಿಸಿ ಅದಕ್ಕೆ ‘ಸ್ಕ್ರಿಪ್ಟೋರಿಯಂ’ ಎಂದು ಹೆಸರಿಟ್ಟರು. ಗೋಡೆಗೆ ಸಾವಿರಕ್ಕೂ ಹೆಚ್ಚು ಗೂಡುಗಳು. ಓದುವ ಹವ್ಯಾಸ ಇರುವವರೆಲ್ಲ ಸಹಾಯ ಮಾಡಿ ಎಂದು ಕರೆ ಕೊಟ್ಟರು. ಜನ ಪುಸ್ತಕ ಓದುತ್ತಾ, ಒಂದು ಪದ ಗಮನ ಸೆಳೆದರೆ ಅಂಗೈ ಮೀರದಷ್ಟು ಚೀಟಿ ತೆಗೆದು, ಮೇಲಿನ ಮೂಲೆಯಲ್ಲಿ ಪದ, ಅದರ ಕೆಳಗೆ ವರ್ಷ, ಬರೆದವರ ಹೆಸರು, ಪುಸ್ತಕ, ಪುಟ, ಆಮೇಲೆ ಇಡೀ ವಾಕ್ಯ ಬರೆದು ಕಳಿಸಿದರು. ಇಂಥ ಲಕ್ಷಗಟ್ಟಲೆ ಚೀಟಿಗಳು ಬಂದವು.

ಅಪರೂಪದ ಪದವಾದರೆ ಹತ್ತು ಚೀಟಿ ಮೇಜಿನ ಮೇಲೆ ಹರಡಿದರೆ ಮುಗಿಯಿತು. ‘ಸೆಟ್’ ಹಾಗಲ್ಲ. ಒಂದೊಂದು ಚೀಟಿಯನ್ನೂ ಓದಿ, ಇಲ್ಲಿರುವ ಸೆಟ್ ಅಲ್ಲಿರುವುದಕ್ಕಿಂತ ಬೇರೆಯೋ ಒಂದೇನೋ ಎಂದು ತೀರ್ಮಾನಿಸಿ, ರಾಶಿ ಮಾಡಿ, ರಾಶಿಯೊಳಗೆ ಮರಿರಾಶಿ ಮಾಡಿ, ಯಾವುದು ಯಾವುದರಿಂದ ಹುಟ್ಟಿತು ಎಂದು ಕಾಲಕ್ರಮದಲ್ಲಿ ಇಡಬೇಕು. ಈ ಪದ ಬಂದದ್ದು ಹೆನ್ರಿ ಬ್ರ್ಯಾಡ್ಲಿ ಅವರ ಪಾಲಿಗೆ. ಇವರು ಶೆಫೀಲ್ಡಿನಲ್ಲಿ ಚಾಕು ಚೂರಿ ತಯಾರಿಸುವ ಕಂಪನಿಯೊಂದರಲ್ಲಿ ಸುಮಾರು 20 ವರ್ಷ ಗುಮಾಸ್ತರಾಗಿದ್ದವರು. ಭಾಷೆಗಳನ್ನು ತಾವೇ ಓದಿ ಕಲಿತವರು. ನಿಘಂಟಿನ ಮೊದಲ ಕಂತು 1884ರಲ್ಲಿ ಹೊರಬಂದಾಗ ಅದರ ವಿಮರ್ಶೆ ಬರೆದರು. ಆ ವಿಮರ್ಶೆ ಎಷ್ಟು ಚೆನ್ನಾಗಿತ್ತೆಂದರೆ ಮುಂದೆ ಅವರನ್ನೇ ಕೆಲಸಕ್ಕೆ ಕರೆದರು, ಸಂಪಾದಕರನ್ನಾಗಿಯೂ ಮಾಡಿದರು.

ಮೊದಲ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ 154 ಮುಖ್ಯ ವಿಭಾಗಗಳಾದವು. ಕೊನೆಯದು ‘ಸೆಟ್ ಅಪ್’. ಅದರ ಒಳವಿಭಾಗಗಳಿಗೆ ಎ, ಬಿ, ಸಿ ಎಂದು ಗುರುತು ಹಾಕುತ್ತಾ ಹೋದರೆ ಅಕ್ಷರಮಾಲೆಯ 26 ಅಕ್ಷರಗಳೂ ಮುಗಿದವು. ಎಎ, ಬಿಬಿ ಎಂದು ಎರಡನೇ ಸುತ್ತು ಶುರು ಮಾಡಬೇಕಾಯಿತು. ಇಡೀ ನಿಘಂಟು ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು, ಬ್ರ್ಯಾಡ್ಲಿ 1923ರಲ್ಲಿ. ಮುಗಿದ ನಿಘಂಟನ್ನು ಇಬ್ಬರೂ ನೋಡಲಿಲ್ಲ.

ಈ ‘ಅಪ್’, ‘ಆಫ್’, ‘ಇನ್’, ‘ಔಟ್’ ಎಂಬ ಬಾಲಗಳೇ ಕಲಿಯುವವರನ್ನು ಹೆಚ್ಚು ಕಾಡುವುದು. ‘ಸೆಟ್ ಆಫ್’ ಎಂದರೆ ಪ್ರಯಾಣ ಹೊರಡು, ಪಟಾಕಿ ಸಿಡಿಸು, ಒಂದರ ಅಂದ ಎದ್ದು ಕಾಣುವಂತೆ ಮಾಡು. ಮೂರೂ ಬೇರೆ ಬೇರೆ ಅನಿಸುತ್ತವೆ. ಆದರೆ ‘ಆಫ್’ ಎಂದರೆ ಇದ್ದ ಜಾಗದಿಂದ ಆಚೆಗೆ. ಮನೆಯಿಂದ ಆಚೆಗೆ ಹೊರಟರೆ ಪ್ರಯಾಣ. ಅಡಗಿದ್ದ ಶಕ್ತಿ ಆಚೆಗೆ ಬಂದರೆ ಸ್ಫೋಟ. ಹಿನ್ನೆಲೆಯಿಂದ ಬೇರ್ಪಟ್ಟು ಕಂಡರೆ ಅಂದ. ‘ಸೆಟ್ ಇನ್’ ಎಂದರೆ ಒಳಗೆ ಬಂದು ಕೂರುವುದು, ಚಳಿಗಾಲ ಬಂದು ತಳವೂರಿದ ಹಾಗೆ.

‘ಸೆಟ್’ ಮೊದಲ ಸ್ಥಾನವನ್ನು ಕೊನೆತನಕ ಉಳಿಸಿಕೊಳ್ಳಲಿಲ್ಲ. ನಿಘಂಟಿನ ಮೂರನೇ ಆವೃತ್ತಿ 2000ದಲ್ಲಿ ಅಂತರ್ಜಾಲದಲ್ಲಿ ಬರತೊಡಗಿತು. ಶುರು ಮಾಡಿದ್ದು ‘ಎಂ’ ಅಕ್ಷರದಿಂದ. ಹಾಗಾಗಿ ಮೊದಲು ‘ಮೇಕ್’ ದೊಡ್ಡದಾಯಿತು. 2007ರಲ್ಲಿ ‘ಪುಟ್’ ಅದನ್ನು ದಾಟಿತು. 2011ರಲ್ಲಿ ‘ರನ್’ ಬಂತು, 645 ಅರ್ಥಗಳೊಂದಿಗೆ. ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ ಆ ಒಂದೇ ಪದಕ್ಕೆ 9 ತಿಂಗಳು ಹಿಡಿಯಿತು. ‘ರನ್’ ಬೆಳೆದ ದಾರಿ ಕಣ್ಣಿಗೆ ಕಾಣುವಂಥದ್ದು. ಮೊದಲು ಕಾಲು ಓಡುತ್ತಿತ್ತು, ನೀರು ಹರಿಯುತ್ತಿತ್ತು. ಆಮೇಲೆ ರೈಲು ಓಡಿತು, ಕಾರ್ಖಾನೆಯ ಯಂತ್ರ ಓಡಿತು, ಕಂಪನಿ ನಡೆಸುವುದೂ ಚುನಾವಣೆಗೆ ನಿಲ್ಲುವುದೂ ‘ರನ್’ ಆಯಿತು. ಈಗ ಕಂಪ್ಯೂಟರಿನ ಪ್ರೋಗ್ರಾಂ ಓಡುತ್ತದೆ. ಯಂತ್ರಗಳು ಹೆಚ್ಚಿದಷ್ಟೂ ಓಡುವ ಪದಕ್ಕೆ ಕೆಲಸ ಜಾಸ್ತಿಯಾಯಿತು.

ಆದರೂ ಈ ಪೈಪೋಟಿಯ ಅಂಕಿಗಳನ್ನು ತುಸು ಎಚ್ಚರದಿಂದ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಅರ್ಥಗಳು ಮರದ ಮೇಲಿನ ಹಣ್ಣುಗಳಲ್ಲ, ಒಂದು ಎರಡು ಎಂದು ಎಣಿಸಲು. ಗಡಿಯಾರ ಸೆಟ್ ಮಾಡುವುದು ಮತ್ತು ಬಲೆ ಸೆಟ್ ಮಾಡುವುದು ಎರಡು ಅರ್ಥವೋ, ‘ಕೆಲಸಕ್ಕೆ ಸಿದ್ಧ ಮಾಡು’ ಎಂಬ ಒಂದೇ ಅರ್ಥವೋ? ಒಬ್ಬ ಸಂಪಾದಕ ಬಿಡಿಸಿ ಇಡುತ್ತಾನೆ, ಇನ್ನೊಬ್ಬ ಕೂಡಿಸಿ ಇಡುತ್ತಾನೆ. ನಮ್ಮ ‘ಹಿಡಿ’ಯನ್ನೇ ನೋಡಿ. ಕೈ ಹಿಡಿ, ಬಸ್ ಹಿಡಿ, ಮಳೆ ಹಿಡಿಯಿತು, ತುಕ್ಕು ಹಿಡಿಯಿತು, ಎರಡು ಗಂಟೆ ಹಿಡಿಯಿತು, ನನಗದು ಹಿಡಿಸಲಿಲ್ಲ. ಇದರಲ್ಲಿ ಎಷ್ಟು ಅರ್ಥ ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರಬಹುದು.

ಇಷ್ಟು ಭಾರ ಪುಟ್ಟ ಪದಗಳ ಮೇಲೇ ಯಾಕೆ ಬೀಳುತ್ತದೆ? ಜಾರ್ಜ್ ಝಿಫ್ ಎಂಬ ಅಮೆರಿಕದ ವಿದ್ವಾಂಸರು 1945ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಒಂದು ಪದವನ್ನು ಎಷ್ಟು ಹೆಚ್ಚು ಬಳಸುತ್ತೇವೋ ಅದಕ್ಕೆ ಅರ್ಥಗಳೂ ಅಷ್ಟು ಹೆಚ್ಚುತ್ತವೆ. ಪದೇ ಪದೇ ಬಾಯಿಗೆ ಬರುವ ಪದಗಳು ಚಿಕ್ಕವಾಗಿರುವುದೂ ಅವರು ಗಮನಿಸಿದ್ದೇ. ಹೊಸ ವಸ್ತು, ಹೊಸ ಕೆಲಸ ಎದುರಾದಾಗ ನಾವು ಹೊಸ ಪದ ಹುಡುಕುವುದು ಕಡಿಮೆ. ಕೈಗೆ ಸಿಕ್ಕ ಹಳೆಯ ಪದವನ್ನೇ ಸ್ವಲ್ಪ ಎಳೆದು ಹೊದಿಸುತ್ತೇವೆ. ಗಣಿತದಲ್ಲೂ ಹೀಗೇ ಆಯಿತು. ಗಿಯೋರ್ಗ್ ಕ್ಯಾಂಟರ್ ಜರ್ಮನ್ ಭಾಷೆಯಲ್ಲಿ ಬಳಸಿದ್ದು ‘ಮೆಂಗೆ’ ಎಂಬ ಪದ. 1915ರಲ್ಲಿ ಬಂದ ಇಂಗ್ಲಿಷ್ ಅನುವಾದದಲ್ಲಿ ಅದಕ್ಕೆ ‘ಅಗ್ರಿಗೇಟ್’ ಎಂದು ಹಾಕಿದ್ದರು. ಉದ್ದದ ಪದ ಹಿಂದೆ ಬಿತ್ತು, ಮೂರಕ್ಷರದ ಸೆಟ್ ಉಳಿಯಿತು.

ಪದ ಸವೆದದ್ದರಿಂದ ಇಂಗ್ಲಿಷಿಗೆ ಒಂದು ನಷ್ಟವೂ ಆಗಿದೆ. ಹಳೆಯ ‘ಸೆಟ್ಟನ್’ಗೆ ಭೂತಕಾಲದಲ್ಲಿ ಬೇರೆ ಕೊನೆ ಇತ್ತು. ಈಗ ಎಲ್ಲ ಕಾಲಕ್ಕೂ ಒಂದೇ ಸೆಟ್. ‘ಅವರು ಮೇಜು ಸೆಟ್’ ಎಂದರೆ ನಿನ್ನೆಯೋ ದಿನವೂ ಮಾಡುವುದೋ, ಪದ ನೋಡಿ ಹೇಳಲಾಗದು. ತಾನೇ ಆಗುವುದಕ್ಕೂ ಬೇರೆಯವರು ಮಾಡುವುದಕ್ಕೂ ಒಂದೇ ರೂಪ. ಕೂರು, ಕೂರಿಸು ಎಂಬ ಭೇದಕ್ಕಾಗಿಯೇ ಹುಟ್ಟಿದ ಪದ ಆ ಭೇದವನ್ನೇ ಮರೆತಿದೆ.

ನಾವು ಆ ಪದವನ್ನು ಕನ್ನಡಕ್ಕೆ ತಂದುಕೊಂಡಾಗ ಮೊದಲು ಮಾಡಿದ್ದು ಅದನ್ನು ಸರಿಪಡಿಸುವ ಕೆಲಸ. ಯಾರೂ ಹೇಳಿಕೊಡದೆ, ಸುಮ್ನೆ ಮಾತಾಡುತ್ತಾ ಎರಡು ಪದ ಮಾಡಿಕೊಂಡೆವು. ಟೈಮ್ ‘ಸೆಟ್ ಮಾಡು’ ಎನ್ನುತ್ತೇವೆ, ಅಂಟು ‘ಸೆಟ್ ಆಯ್ತು’ ಎನ್ನುತ್ತೇವೆ. ಅವರಿಬ್ಬರಿಗೂ ‘ಸೆಟ್ ಆಗಲ್ಲ’ ಎಂದು ಇಂಗ್ಲಿಷಿನವರಿಗೇ ಗೊತ್ತಿಲ್ಲದ ಒಂದು ಅರ್ಥವನ್ನೂ ಸೇರಿಸಿದ್ದೇವೆ. ಇಬ್ಬರು ಒಂದೇ ಕಡೆ ನೆಮ್ಮದಿಯಾಗಿ ಕೂರಲಾರರು ಎಂಬ ಅರ್ಥ.